ಓನ್ನಿಯ ಮನೆಯ ಒಣಗದ ನೆಲ

ಸೈಮಿ ಕೈನುಲೈನೆನ್ ಒಂದು ಮನೆಯ ಒಳಗೆ ಬಂದಳೆಂದರೆ ಆ ಮನೆಯವರು ಹೊರಗೆ ಹೋಗಬೇಕಿತ್ತು. ನಮ್ಮ ಊರು ಲೆಪ್ಪಾಲಹ್ತಿಯಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಮೇ ತಿಂಗಳ ಕೊನೆಗೆ, ಸರೋವರದ ಮಂಜುಗಡ್ಡೆ ಕರಗಿ, ರಾತ್ರಿ ಹನ್ನೊಂದಕ್ಕೂ ಪತ್ರಿಕೆ ಓದುವಷ್ಟು ಬೆಳಕು ಬಂದಮೇಲೆ, ಅವಳು ನೆಲಕ್ಕೆ ಹಚ್ಚುವ ಅಗಸೆ ಎಣ್ಣೆಯ ಡಬ್ಬಿ, ಹಳೇ ಬಟ್ಟೆಯ ಗಂಟು, ಮೊಣಕಾಲಿಗೆ ಕಟ್ಟಿಕೊಳ್ಳುವ ದಿಂಬು ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮನೆಮಂದಿ ಹಾಸಿಗೆ ಪಾತ್ರೆ ಎತ್ತಿಕೊಂಡು ಹಿತ್ತಲಿನಲ್ಲಿ ಹಬೆಸ್ನಾನಕ್ಕೆಂದೇ ಇರುವ ಸೌನಾ ಕೋಣೆಗೆ ಹೊರಡುತ್ತಿದ್ದರು. ಆಮೇಲೆ ಊಟ, ನಿದ್ದೆ, ಗಂಡಹೆಂಡಿರ ಜಗಳ ಎಲ್ಲ ಅಲ್ಲೇ. ಸೈಮಿ "ಹೂಂ" ಅನ್ನುವ ತನಕ ಯಾರೂ ಸ್ವಂತ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಪಾದ್ರಿಗಳಿಗೂ ವಿನಾಯಿತಿ ಇರಲಿಲ್ಲ. ಒಂದು ವರ್ಷ ಅವರ ಮನೆಯ ದೊಡ್ಡ ಹಜಾರಕ್ಕೆ ಎರಡನೆಯ ಸಲ ಎಣ್ಣೆ ಬಿದ್ದಿತ್ತು. ಪಾಪ, ಟೋಪಿ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ನಿಂತು ಕೇಳಿದರು: "ಸೈಮಿ, ಭಾನುವಾರ ಬಿಷಪ್ಪರು ಬರ್ತಿದ್ದಾರಮ್ಮ. ಅವರನ್ನ ಎಲ್ಲಿ ಕೂರಿಸ್ಲಿ?"

"ಸೌನಾದಲ್ಲಿ ಕೂರಿಸಿ."

"ಬಿಷಪ್ಪರನ್ನ ಸೌನಾದಲ್ಲಾ?"

"ಯಾಕೆ, ಅವರು ಸ್ನಾನ ಮಾಡಲ್ವಾ?"

ಬಿಷಪ್ಪರು ಸೌನಾದಲ್ಲೇ ಕೂತರು. ಮೂರು ಗಂಟೆ ಹೊತ್ತು ಏಳಲೇ ಇಲ್ಲವಂತೆ. ಹೊರಡುವಾಗ ಮುಂದಿನ ವರ್ಷವೂ ಇದೇ ಸಮಯಕ್ಕೆ ಬರುತ್ತೇನೆ ಅಂದರಂತೆ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನು ಹೆಲ್ವಿ, ಊರಿನ ಒಂದೇ ಒಂದು ಅಂಗಡಿಯವಳು, ಸೈಮಿಯ ಪಕ್ಕದ ಮನೆಯವಳು, ಮೂವತ್ತು ವರ್ಷ ಪ್ರತಿ ಶನಿವಾರ ಅವಳ ಜೊತೆ ಸೌನಾದಲ್ಲಿ ಬೆನ್ನು ಉಜ್ಜಿಕೊಂಡವಳು. ನನ್ನ ನಾಲಿಗೆ ಉದ್ದ ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಉಪ್ಪು ಸಕ್ಕರೆಗೆ ನನ್ನ ಹತ್ತಿರವೇ ಬರಬೇಕಲ್ಲ.

ನೆಲಕ್ಕೆ ಎಣ್ಣೆ ಹಚ್ಚುವುದು ಏನು ಮಹಾ ಎಂದು ನಾನೂ ಒಮ್ಮೆ ಅಂದುಬಿಟ್ಟಿದ್ದೆ. ಸೈಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಚ್ಚೋದಕ್ಕೆ ಹಸು ಸಾಕು ಕಣೇ, ಬಾಲಕ್ಕೆ ಬಟ್ಟೆ ಕಟ್ಟಿದ್ರೆ ಆಯ್ತು. ಒರೆಸೋದು ಇದ್ಯಲ್ಲ, ಅದು ಕೆಲಸ."

ನಮ್ಮ ಕಡೆ ಮನೆಗಳ ನೆಲವೆಲ್ಲ ಪೈನ್ ಮರದ ಅಗಲ ಹಲಗೆ. ಮೆತ್ತನೆ ಮರ, ಚಮಚ ಬಿದ್ದರೂ ಗುರುತು ಉಳಿಯುತ್ತದೆ. ಅದರ ಮೇಲೆ ವಾರ್ನಿಷ್ ಬಳಿದರೆ ಎರಡು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಎಣ್ಣೆಯಾದರೆ ಮರದ ಒಳಕ್ಕೆ ಇಳಿಯುತ್ತದೆ. ಸೈಮಿ ಎಣ್ಣೆ ಬೆಚ್ಚಗೆ ಮಾಡಿ, ಒಲೆಯಿಂದ ದೂರ ತಂದು ಒಂದಿಷ್ಟು ಟರ್ಪೆಂಟೈನ್ ಬೆರೆಸಿ, ಮರದ ಎಳೆಗಳ ಜಾಡಿನಲ್ಲಿ ತಿಕ್ಕುತ್ತಾ ಹೋಗುತ್ತಿದ್ದಳು. ಹಲಗೆಯ ಅಂಚಿನ ಬಿಳಿ ಮರ ಗಟಗಟ ಕುಡಿಯುತ್ತದೆ. ನಡುವಿನ ಚೇಗು ಒಂದು ಗುಟುಕು ಕುಡಿದು ಸಾಕು ಅನ್ನುತ್ತದೆ. ಗಂಟುಗಳಂತೂ ಮುಟ್ಟುವುದೇ ಇಲ್ಲ. ಅರ್ಧ ಗಂಟೆಯಾದಮೇಲೆ ಮರ ಕುಡಿಯದೆ ಬಿಟ್ಟದ್ದನ್ನೆಲ್ಲ ಒರೆಸಿ ತೆಗೆಯಬೇಕು, ಬಟ್ಟೆ ಒಣಗಿದ್ದು ಒಣಗಿದ ಹಾಗೇ ವಾಪಸ್ ಬರುವ ತನಕ. ಆ ಬಟ್ಟೆಗಳನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಬೇಕು, ಇಲ್ಲವಾದರೆ ಮುದ್ದೆಯಾಗಿ ಬಿದ್ದಲ್ಲೇ ತಾವಾಗಿ ಹೊತ್ತಿಕೊಳ್ಳುತ್ತವೆ. ಆಮೇಲೆ ಹತ್ತು ದಿನ ಕಾಯಬೇಕು. ಹೀಗೆ ಮೂರು ಸಲ.

ಕೊನೆಗೆ ಪರೀಕ್ಷೆ. ಚಳಿಗಾಲದಲ್ಲಿ ತಾನೇ ಹೆಣೆದ ಅಚ್ಚ ಬಿಳಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಒಂದೊಂದು ಹಲಗೆಯ ಮೇಲೂ ಕಾಲೆಳೆದು ನಡೆಯುತ್ತಿದ್ದಳು. ಕಿಟಕಿಯ ಬೆಳಕಿಗೆ ಅಂಗಾಲು ಎತ್ತಿ ನೋಡುತ್ತಿದ್ದಳು. ಉಣ್ಣೆ ಅಂಟಿರಬಾರದು, ಕಲೆ ಇರಬಾರದು. ಆಗ ಆ "ಹೂಂ". ಹನ್ನೆರಡನೇ ವಯಸ್ಸಿನಿಂದ, ಹಲಗೆ ಹಾಸುವ ಅಪ್ಪನ ಹಿಂದೆ ಮೊಣಕಾಲೂರಿ ಶುರುಮಾಡಿದವಳು, ಸ್ವಂತ ಕೆಲಸ ಹಿಡಿದು ನಲವತ್ತು ವರ್ಷ. ಅಷ್ಟು ವರ್ಷದಲ್ಲಿ ಒಣಗದ ನೆಲವನ್ನು ಒಣಗಿದೆ ಎಂದು ಅವಳು ಯಾರಿಗೂ ಒಪ್ಪಿಸಿದವಳಲ್ಲ. ಅಂಟು ಇರುವ ನೆಲವನ್ನು ಬಿಟ್ಟು ಬೇರೆ ಊರಿಗೆ ಹೋದವಳೂ ಅಲ್ಲ.

ಮದುವೆ ಮಾಡಿಕೊಳ್ಳಲಿಲ್ಲ. ಇಬ್ಬರು ಕೇಳಿದ್ದರು. ಒಬ್ಬ ಬೂಟು ಬಿಚ್ಚದೆ ಒಳಗೆ ಬಂದ ಎಂದು ಅಲ್ಲೇ ಮುಗಿಯಿತು. ಇನ್ನೊಬ್ಬ ಬೂಟು ಬಿಚ್ಚಿದ, ಆದರೆ ಕಾಲುಚೀಲದ ತುಂಬಾ ತೂತು.

ಅರವತ್ತೆರಡಕ್ಕೆ ಅವಳ ಮೊಣಕಾಲು ಕೈಕೊಟ್ಟಿತು. ಸ್ವೀಡನ್ನಿನಲ್ಲಿರುವ ತಂಗಿ ಐಲಿ ಬಾ ಬಾ ಎಂದು ವರ್ಷಗಟ್ಟಲೆ ಬರೆಯುತ್ತಲೇ ಇದ್ದಳು. ನಾಲ್ಕನೇ ಮಹಡಿ, ಲಿಫ್ಟು, ಬಿಸಿನೀರು, ಕೈಗೆ ಸಿಗುವ ಹಾಗೆ ಡಾಕ್ಟರು. ಆ ವರ್ಷದ ವಸಂತದಲ್ಲಿ ಸೈಮಿ ಸೌನಾದಲ್ಲಿ ನನಗೆ ಬೆನ್ನು ಕೊಟ್ಟು ಕೂತು ಹೇಳಿದಳು: "ಇದೇ ಕೊನೇ ಬೇಸಿಗೆ ಕಣೇ ಹೆಲ್ವಿ. ಸೆಪ್ಟೆಂಬರ್ ಹದಿನೈದಕ್ಕೆ ಹಡಗಿನ ಟಿಕೆಟ್ ತಗೊಂಡಿದ್ದೀನಿ." ನಾನು ಒಲೆಯ ಬಿಸಿ ಕಲ್ಲಿಗೆ ಅಗತ್ಯಕ್ಕಿಂತ ಜಾಸ್ತಿ ನೀರು ಎರಚಿದೆ. ಹಬೆಯಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಸುದ್ದಿ ನನ್ನ ಅಂಗಡಿಯಿಂದಲೇ ಊರಿಗೆ ಹೋಯಿತು, ಹೋಗಿ ಓನ್ನಿಯ ಕಿವಿಗೂ ಬಿತ್ತು. ಓನ್ನಿ ಹುಸ್ಕೊನೆನ್ ಸರೋವರದ ದಾಟುದೋಣಿ ನಡೆಸುತ್ತಿದ್ದವನು. ಸೇತುವೆ ಆದಮೇಲೆ ಮನೆಯಲ್ಲಿದ್ದ. ಅದಕ್ಕೆ ಮುಂಚೆ ಹನ್ನೆರಡು ಬೇಸಿಗೆ ಸೈಮಿಯನ್ನು ಆ ದಡ ಈ ದಡ ಮಾಡಿಸಿದ್ದ. ಹನ್ನೆರಡು ವರ್ಷದಲ್ಲಿ ಅವಳ ಜೊತೆ ಆಡಿದ್ದು ಎರಡು ಮಾತು: ಗಾಳಿ ಇದ್ದರೆ "ಗಾಳಿ ಇದೆ", ಇಲ್ಲದಿದ್ದರೆ "ಗಾಳಿ ಇಲ್ಲ". ಅವನಿಗೆ ಸೈಮಿಯ ಮೇಲೆ ಮನಸ್ಸು ಎಂದು ಊರಿಗೆಲ್ಲ ಗೊತ್ತಿತ್ತು. ಊರಿನ ನಾಯಿಗಳಿಗೂ ಗೊತ್ತಿತ್ತು. ಹೇಳಬೇಕಾದವನು ಮಾತ್ರ ಹೇಳಿರಲಿಲ್ಲ.

ಜೂನ್ ಮೊದಲ ವಾರ ಅಂಗಡಿಗೆ ಬಂದ.

"ಅಗಸೆ ಎಣ್ಣೆ. ಕಾಯಿಸಿದ್ದು. ಹತ್ತು ಲೀಟರ್."

"ಹತ್ತಾ! ಯಾರನ್ನ ಮುಳುಗಿಸ್ಬೇಕು ಅಂತಿದ್ದೀಯ?"

"ದೋಣಿಗೆ," ಅಂದ. ಕಿವಿ ಎರಡೂ ಕೆಂಪಗಾಗಿದ್ದವು. ದೋಣಿಗೆ ಅವನು ಹಚ್ಚುವುದು ಮರದ ಟಾರು ಎಂದು ನನಗೆ ಗೊತ್ತು. ಆದರೂ ಆಗ ನನ್ನ ಬುದ್ಧಿಗೆ ಏನೂ ಹೊಳೆಯಲಿಲ್ಲ.

ಎರಡು ವಾರ ಬಿಟ್ಟು ಸೈಮಿಗೂ ನನಗೂ ಭಾನುವಾರದ ಕಾಫಿಗೆ ಕರೆ ಬಂತು. ನಾನು ಏಲಕ್ಕಿ ಬನ್ನು ಸುಟ್ಟುಕೊಂಡು ಹೋದೆ. ಓನ್ನಿ ಟೈ ಕಟ್ಟಿಕೊಂಡು ಒಳಗೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲರ ಹಾಗೆ ನಾವೂ ಮೆಟ್ಟಿಲ ಮೇಲೆ ಬೂಟು ಬಿಚ್ಚಿದೆವು. ನೆಲ ಫಳಫಳ ಅನ್ನುತ್ತಿತ್ತು. ಸೈಮಿ ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು, ಬಗ್ಗಿ ಮುಟ್ಟಿ ನೋಡಲು ಹೊರಟಳು. ನಾನು ಹಿಂದಿನಿಂದ, "ನಡೀಯೇ, ಬನ್ನು ಆರೋಗುತ್ತೆ, ಭಾನುವಾರನೂ ಕೆಲಸದ ಧ್ಯಾನವಾ!" ಎಂದು ತಳ್ಳಿದೆ. ಆ ಪಾಪ ನನ್ನದು.

ಎರಡು ಹೆಜ್ಜೆ ಸರಿಯಿತ್ತು. ಮೂರನೆಯದಕ್ಕೆ ಮೇಲಿನ ಕೆನೆ ಒಡೆದು ಕಾಲು ಕೆಳಗಿನ ಅಂಟಿಗೆ ಇಳಿಯಿತು. ನಾನೂ ನಿಂತೆ. ಅಂದರೆ ನಿಲ್ಲಲೇಬೇಕಾಯಿತು. ನಮ್ಮನ್ನು ಹಿಡಿಯಲು ಬಂದ ಓನ್ನಿ ತಾನೂ ನಡುಮನೆಯಲ್ಲಿ ಸಿಕ್ಕಿಬಿದ್ದ.

"ಓನ್ನಿ," ಅಂದಳು ಸೈಮಿ. ಆ ಸ್ವರ ಕೇಳಿ ನನಗೇ ಹೆದರಿಕೆಯಾಯಿತು.

"ಹೂಂ."

"ಈ ನೆಲಕ್ಕೆ ಏನು ಮಾಡಿದ್ದೀಯ?"

"ಎಣ್ಣೆ."

"ಎಷ್ಟು?"

"ಹತ್ತು."

"ಹತ್ತು ಏನು? ಚಮಚವಾ?"

"ಲೀಟರು."

"ಒರೆಸಿದ್ಯಾ?"

ಓನ್ನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒರೆಸೋದಾ? ದೋಣೀನ ಯಾರಾದ್ರೂ ಒರೆಸ್ತಾರಾ?"

ಅಲ್ಲಿಗೆ ವಿಷಯ ತಿಳಿಯಿತು. ಪುಣ್ಯಾತ್ಮ ದೋಣಿಗೆ ಟಾರು ಕುಡಿಸುವ ಹಾಗೆ ನೆಲಕ್ಕೆ ಎಣ್ಣೆ ಕುಡಿಸಿದ್ದ. ದೋಣಿಗೆ ದಪ್ಪಗೆ ಸುರಿದು ಬಿಸಿಲಿಗೆ ಬಿಟ್ಟರೆ ಆಯಿತು, ಹೆಚ್ಚಾದಷ್ಟೂ ಒಳ್ಳೆಯದು. ನಮ್ಮ ಸರೋವರದ ಗಂಡಸರಿಗೆ ಮರ ಎಂದರೆ ದೋಣಿ, ಅಷ್ಟೇ.

ಕಾಲುಚೀಲಗಳನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಪಚಕ್ ಪಚಕ್ ಎಂದು ಹೊರಗೆ ಬಂದೆವು. ಹಿಂದೆ ತಿರುಗಿ ನೋಡಿದರೆ ಮೂರು ಜೊತೆ ಕಾಲುಚೀಲ ನಡುಮನೆಯಲ್ಲಿ ನಿಂತುಕೊಂಡಿದ್ದವು, ಯಾರೋ ಮಾತು ನಿಲ್ಲಿಸಿ ಎದ್ದುಹೋದ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಸೈಮಿ ನಗಲಿಲ್ಲ. ಓನ್ನಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹೊರಗೆ ಬಂದದ್ದು ಇಷ್ಟೇ: "ಕಾಫಿ?"

"ಇಲ್ಲೇ ಮೆಟ್ಟಿಲಿಗೆ ತಾ," ಅಂದಳು ಸೈಮಿ. "ಕುಡಿದು ಹೋಗ್ತೀವಿ."

ದಾರಿಯಲ್ಲಿ ನಾನು ಹೇಳಿದೆ: "ನಿನ್ನನ್ನ ನಿಲ್ಲಿಸ್ಕೊಳೋಕೆ ಮಾಡಿದ್ದು ಕಣೇ. ಹೊಳೆಯೋ ನೆಲ ತೋರಿಸಿ ಕೇಳ್ಬೇಕು ಅಂತಿದ್ದ."

"ಕೇಳೋದಕ್ಕೆ ಹತ್ತು ಲೀಟರ್ ಎಣ್ಣೆ ಯಾಕೆ? ಬಾಯಿಲ್ವಾ?"

"ಇದೆ. ಗಾಳಿ ವಿಷಯಕ್ಕೆ ಮಾತ್ರ ತೆಗೀತಾನೆ."

ಮಾರನೆಯ ದಿನ ಬೆಳಿಗ್ಗೆ ಅವಳು ಕೆರೆಯುವ ಅಲಗು, ಟರ್ಪೆಂಟೈನ್ ಡಬ್ಬಿ ಹಿಡಿದು ಅವನ ಬಾಗಿಲಿಗೆ ಹೋದಳು. ಕೆಟ್ಟ ನೆಲವನ್ನು ಕಂಡೂ ಬಿಟ್ಟುಹೋಗುವುದು ಅವಳ ಕೈಯಲ್ಲಾಗದ ಕೆಲಸ. ಓನ್ನಿ ಸೌನಾಕ್ಕೆ ಬಿಡಾರ ಎತ್ತಿದ. ಅವಳ ಮೊಣಕಾಲು ಬಗ್ಗುತ್ತಿರಲಿಲ್ಲವಾದ್ದರಿಂದ ಹಾಲು ಕರೆಯುವ ಮಣೆಯ ಮೇಲೆ ಅವಳು ಕೂತಳು, ನೆಲದ ಮೇಲೆ ಮೊಣಕಾಲೂರಿ ಅವನು ಕೆರೆದ. ಬೇಲಿಯಾಚೆಗೂ ಕೇಳುತ್ತಿತ್ತು: "ಎಳೆ ಜಾಡಲ್ಲಿ ಕೆರೀಬೇಕು ಕಣೋ, ಅಡ್ಡ ಅಲ್ಲ! ಮರಕ್ಕೆ ಕಚಗುಳಿ ಇಡ್ತಿದ್ದೀಯಾ?" ಅವನು "ಹೂಂ, ಹೂಂ" ಅನ್ನುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ ಮೆಟ್ಟಿಲ ಮೇಲೆ ಕಾಫಿ. ಜೂನ್ ಕೊನೆಗೆ ಸರೋವರದ ದಡದಲ್ಲಿ ಬೆಂಕಿ ಹಾಕುವ ಮಿಡ್‌ಸಮ್ಮರ್ ಹಬ್ಬದ ದಿನವೂ ಇಬ್ಬರ ಉಗುರಲ್ಲೂ ಅಂಟು. ಜುಲೈ ಮಧ್ಯಕ್ಕೆ ಹಲಗೆ ಬರಿದಾಯಿತು, ಆಮೇಲೆ ತೆಳ್ಳಗೆ ಮೊದಲ ಎಣ್ಣೆ, ಒರೆಸುವುದು, ಕಾಯುವುದು. ಓನ್ನಿ ಒರೆಸುವುದು ಕಲಿತ. ಬಟ್ಟೆ ಎತ್ತಿ ತೋರಿಸಿ "ಒಣಗಿದೆ" ಅನ್ನುವಾಗ ಅವನ ಮುಖ ನೋಡಬೇಕಿತ್ತು.

ಆಗಸ್ಟ್ ಹತ್ತಕ್ಕೆ ಮೂರೂ ಮುಗಿದವು. ನೆಲ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಜಾಗ ಬಿಟ್ಟು. ದಕ್ಷಿಣದ ಕಿಟಕಿಯ ಕೆಳಗೆ ಕಾಫಿ ತಟ್ಟೆಯಷ್ಟು ಅಗಲ, ಮುಟ್ಟಿದರೆ ಅಂಟು. ವಾರ ಕಳೆಯಿತು, ಎರಡು ವಾರ ಕಳೆಯಿತು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವ ಜಾಗ ಅದು! ಸೈಮಿ ಮೊದಲು ಗಂಟನ್ನು ದೂರಿದಳು, ಆಮೇಲೆ ನೆಲದಡಿಯ ತೇವವನ್ನು, ಕೊನೆಗೆ ಸರ್ಕಾರ ಕಟ್ಟಿದ ಸೇತುವೆಯನ್ನು. ಸೇತುವೆಗೂ ಎಣ್ಣೆಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ನನ್ನ ಮೇಲೆ ಹರಿಹಾಯ್ದಳು.

ಅಂಗಡಿ ನಡೆಸುವವಳಿಗೆ ಅನುಮಾನ ಬೇಗ ಬರುತ್ತದೆ. ಒಂದು ಬೆಳಿಗ್ಗೆ ಸೈಮಿ ಇನ್ನೂ ಬಂದಿರಲಿಲ್ಲ, ನಾನು ರೊಟ್ಟಿ ಕೊಡುವ ನೆಪದಲ್ಲಿ ಓನ್ನಿಯ ಸೌನಾಕ್ಕೆ ಹೋಗಿ ನೇರವಾಗಿ ಕೇಳಿದೆ: "ಕಿಟಕಿ ಕೆಳಗೆ ಎಣ್ಣೆ ಹಾಕ್ತಿರೋನು ನೀನೇ ತಾನೇ?"

ಅವನು ತುಂಬಾ ಹೊತ್ತು ಟೋಪಿ ತಿರುಗಿಸಿದ. "ಎರಡೇ ಸಲ. ಒಂದೊಂದು ಚಮಚ." ಆಮೇಲೆ, ಅವನ ಲೆಕ್ಕಕ್ಕೆ ಭಾಷಣವೇ: "ಒಣಗಿದ್ರೆ ಹೋಗ್ಬಿಡ್ತಾಳಲ್ಲ. ಆದ್ರೆ ನಾಚಿಕೆ ಆಯ್ತು ಹೆಲ್ವಿ. ಅವಳು ಒಂದು ನೆಲಾನೂ ಕೆಡಿಸಿದೋಳಲ್ಲ. ನಾನು ಅವಳ ಹೆಸರು ಕೆಡಿಸ್ತಿದ್ದೀನಿ ಅನ್ನಿಸ್ತು. ಬಿಟ್ಬಿಟ್ಟೆ."

"ಯಾವಾಗ?"

"ಒಂದು ವಾರ ಆಯ್ತು."

ನಾನು ಮನೆಯೊಳಗೆ ಹೋಗಿ ಬೆರಳು ಇಟ್ಟು ನೋಡಿದೆ. ಹಸಿ. ನಿನ್ನೆ ಮೊನ್ನೆ ಹಾಕಿದ ಹಾಗೆ ಹಸಿ.

ಮಾರನೆಯ ದಿನ ಓನ್ನಿ ಸೌದೆ ಒಡೆಯುವ ಸದ್ದು ಕೇಳುತ್ತಿದ್ದಾಗ ನಾನು ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ನಿಂತೆ. ಸೈಮಿ ಕಿಟಕಿಯ ಕೆಳಗೆ ಮಣೆಯ ಮೇಲೆ ಕೂತಿದ್ದಳು. ಡಬ್ಬಿಗೆ ಎರಡು ಬೆರಳು ಅದ್ದಿ, ರೊಟ್ಟಿಗೆ ಬೆಣ್ಣೆ ಸವರುವ ಹಾಗೆ ನಿಧಾನವಾಗಿ ಹಲಗೆಗೆ ಸವರುತ್ತಿದ್ದಳು.

"ಸೈಮಿ!"

ಅವಳು ತಿರುಗಲೂ ಇಲ್ಲ. "ನೋಡಿದ್ಯಲ್ಲ, ಈಗ ಬಾಯಿ ಮುಚ್ಕೊಂಡು ಒಳಗೆ ಬಾ."

ನಾನು ಬಾಯಿ ಮುಚ್ಚಿಕೊಂಡೇ ಹೋದೆ. ಮುಚ್ಚಿದ್ದು ಆಶ್ಚರ್ಯಕ್ಕೆ.

"ಮೊದಲೆರಡು ಸಲ ಹಾಕಿದ್ದು ಅವನೇ," ಅಂದಳು. "ಅವನ ಡಬ್ಬೀಲಿ ಉಳಿದಿದ್ದ ಕಾಯಿಸಿದ ಎಣ್ಣೆ. ನಂದು ಹಸೀದು, ವಾಸನೇಲೇ ಗೊತ್ತಾಯ್ತು. ಸುಮ್ನಿದ್ದೆ. ಆಮೇಲೊಂದು ದಿನ ಬಂದು ನೋಡ್ತೀನಿ, ಒಣಗೋಕೆ ಶುರುವಾಗಿದೆ! ಎಷ್ಟು ಸಿಟ್ಟು ಬಂತು ಗೊತ್ತಾ? ಇಷ್ಟು ಬೇಗ ಕೈಬಿಟ್ನಲ್ಲ ಅಂತ."

"ಹಾಗಾದ್ರೆ ಅವನಿಗೆ ಹೇಳ್ಬಿಡೇ, ಹೋಗಲ್ಲ ಅಂತ!"

"ನಾನ್ಯಾಕೆ ಹೇಳ್ಲಿ? ಹೋಗಿರೋದು ನನ್ನ ಮೊಣಕಾಲು, ಮರ್ಯಾದೆ ಅಲ್ಲ." ಬೆರಳು ಒರೆಸಿಕೊಂಡಳು. ಮೆಲ್ಲಗೆ ಅಂದಳು: "ಹನ್ನೆರಡು ವರ್ಷದಲ್ಲಿ ಈ ಎಣ್ಣೆ ಡಬ್ಬೀನ ಒಂದು ದಿನಾನೂ ನನ್ನ ಕೈಲಿ ದೋಣಿಗೆ ಎತ್ತಿಸಲಿಲ್ಲ ಅವನು. ನಂಗೆ ಇಲ್ಲೇ ಇರ್ಬೇಕು ಅಂತ ಆಸೆ ಹೆಲ್ವಿ. ತುಂಬಾ ಆಸೆ. ಆದ್ರೆ ಇರು ಅಂತ ಒಬ್ರು ಬಾಯಿಬಿಟ್ಟು ಹೇಳ್ಬೇಕಲ್ಲ. ಕರೀದೆ ಇರೋ ಮನೇಲಿ ನಾನು ಹೇಗೆ ಕೂರ್ಲಿ?"

ಅಷ್ಟು ಹೇಳಿ ಒಣಬಟ್ಟೆ ತೆಗೆದುಕೊಂಡು ಈಗ ತಾನೇ ಸವರಿದ್ದನ್ನು ಪೂರ್ತಿ ಒರೆಸಿದಳು. "ಸಾಕು. ಇನ್ನು ಹಚ್ಚಲ್ಲ. ಇದು ಒಣಗ್ಲಿ. ಅಷ್ಟರಲ್ಲಿ ಕೇಳಿದ್ರೆ ಕೇಳ್ದ, ಇಲ್ದಿದ್ರೆ ಹದಿನೈದಕ್ಕೆ ಹಡಗು." ಓನ್ನಿಗೆ ತಿಳಿಸುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆ ಎರಡೂವರೆ ವಾರದಷ್ಟು ಕಷ್ಟ ನನ್ನ ನಾಲಿಗೆ ಜೀವಮಾನದಲ್ಲಿ ಪಟ್ಟಿಲ್ಲ. ಒಮ್ಮೆ ಮಾತ್ರ, ಕಾಫಿಪುಡಿ ಕಟ್ಟಿಕೊಡುತ್ತಾ ಓನ್ನಿಗೆ ಅಂದೆ: "ಬಾಯಿ ಅಂತ ಒಂದು ಕೊಟ್ಟಿದ್ದಾನಲ್ಲ ದೇವರು, ಹದಿನೈದನೇ ತಾರೀಕಿನ ಒಳಗೆ ಬಳಸು." ಅವನು ಹೊರಗೆ ನೋಡಿ "ಗಾಳಿ ಇದೆ" ಅಂದ. ಕಾಫಿಪುಡಿಯ ಪೊಟ್ಟಣ ಅವನ ತಲೆಗೆ ಎಸೆಯಬೇಕೆನ್ನಿಸಿತು.

ಸೆಪ್ಟೆಂಬರ್ ಹದಿಮೂರು, ಬಂದರಿಗೆ ಹೊರಡುವ ದಿನ. ಬರ್ಚ್ ಎಲೆ ಹಳದಿಯಾಗಿತ್ತು. ಸೈಮಿ ಪ್ರಯಾಣದ ಕೋಟು ಹಾಕಿಕೊಂಡೇ ಬಂದಳು, ಟಿಕೆಟ್ ಜೇಬಿನಲ್ಲಿತ್ತು. ಮೆಟ್ಟಿಲ ಮೇಲೆ ಕೂತು ಬಿಳಿ ಕಾಲುಚೀಲ ಹಾಕಿಕೊಂಡಳು. ಓನ್ನಿಯೂ ನಾನೂ ಹೊಸ್ತಿಲಲ್ಲಿ ನಿಂತೆವು. ಅವಳು ಗೋಡೆಯಿಂದ ಗೋಡೆಗೆ ಒಂದೊಂದು ಹಲಗೆಯ ಮೇಲೂ ಕಾಲೆಳೆದು ನಡೆದಳು. ಕೊನೆಗೆ ಕಿಟಕಿಯ ಕೆಳಗೆ ನಿಂತು ಅಂಗಾಲು ಎತ್ತಿ ಬೆಳಕಿಗೆ ಹಿಡಿದಳು. ಒಂದು ಕಲೆಯಿಲ್ಲ.

"ಹೂಂ," ಅಂದಳು. ಇಷ್ಟು ಸಣ್ಣ "ಹೂಂ" ಅವಳ ಬಾಯಿಂದ ನಾನು ಕೇಳಿರಲಿಲ್ಲ.

ಓನ್ನಿ ಬೂಟು ಬಿಚ್ಚಿದ, ಒಳಗೆ ಹೋಗಿ ಅವಳ ಎದುರಿಗೆ ನಿಂತ, ನೆಲ ನೋಡಿದ.

"ಇದಕ್ಕೆ ಮತ್ತೆ ಎಣ್ಣೆ ಯಾವಾಗ?"

"ಮುಂದಿನ ಬೇಸಿಗೆ. ಒಂದೇ ಒಂದು ಸಲ, ತೆಳ್ಳಗೆ."

"ಅಲ್ಲೀವರೆಗೆ ಇರು."

ಸೈಮಿಯ ಕೆನ್ನೆ ಕೆಂಪಾಯಿತು. "ಆಮೇಲೆ?"

"ಆಮೇಲೆ... ಅದರ ಮುಂದಿನ ಬೇಸಿಗೆ."

"ಓನ್ನಿ, ನಲವತ್ತು ವರ್ಷ ಎಲ್ಲರನ್ನೂ ಕಾಯಿಸ್ದೋಳು ನಾನು. ಈಗ ನೀನು ನನ್ನನ್ನ ಕಾಯಿಸ್ಬೇಡ. ಸರಿಯಾಗಿ ಕೇಳು."

ಅವನು ಉಸಿರು ಎಳೆದುಕೊಂಡ. "ಹಡಗು ಹತ್ತಬೇಡ ಸೈಮಿ. ನೀನಿಲ್ದೆ ಈ ಮನೇಲಿ ನಂಗೆ ಆಗಲ್ಲ. ನನ್ನ ಮದುವೆ ಆಗು."

ನಾನು ಅವಳ ದಾರಿಗೆಂದು ತಂದಿದ್ದ ಬನ್ನಿನ ಬುಟ್ಟಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಈ ಸಲ ಹಬೆ ಇರಲಿಲ್ಲ, ಎಲ್ಲರಿಗೂ ಕಾಣಿಸಿತು. ಸೈಮಿ ಕೋಟಿನ ತೋಳಲ್ಲಿ ಮೂಗು ಒರೆಸಿಕೊಂಡಳು, ಅವನ ಟೈ ಇಲ್ಲದ ಕತ್ತುಪಟ್ಟಿ ನೇರ ಮಾಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಏನೇ ಹೆಲ್ವಿ ಅಳ್ತಾ ನಿಂತೆ? ಅಂಗಡಿಗೆ ಓಡು. ಐಲಿಗೆ ಫೋನ್ ಮಾಡಿ ಹೇಳು, ನಂಗೆ ಬರೋಕಾಗಲ್ಲ, ಓನ್ನಿ ಮನೆ ನೆಲ ಇನ್ನೂ ಒಣಗಿಲ್ಲ ಅಂತ."

ಹಾಗೆಂದಳು, ಅಚ್ಚ ಬಿಳಿ ಕಾಲುಚೀಲದಲ್ಲಿ ಆ ನೆಲದ ಮೇಲೇ ನಿಂತುಕೊಂಡು. ಒಣಗಿದ ನೆಲವನ್ನು ಒಣಗಿಲ್ಲ ಎಂದು ಅವಳು ಹೇಳಿದ ಮೊದಲ ಸುಳ್ಳು ಅದು. ನಾನು ಓಡಿಹೋಗಿ ಅದನ್ನೇ ಐಲಿಗೆ ಹೇಳಿದೆ.